ಗಿಡ ಕುಡಿಯುವ ಬೆಳಕು

ನಿಘಂಟುಕಾರರು ಗಿಡಮರಗಳಿಗೆ ಹೇಳಿರುವ ಹೆಸರುಗಳಲ್ಲಿ ‘ಪಾದಪ’ ಎಂಬುದೊಂದು. ಕಾಲಿನಿಂದ ಕುಡಿಯುವಂಥದು ಎಂದು ಅದರ ಅರ್ಥ. ಬೇರು ನೀರನ್ನು ಹೀರುವುದನ್ನು ಬಲ್ಲವರು ಇಟ್ಟ ಸೊಗಸಾದ ಹೆಸರು. ವರ್ಷವರ್ಷವೂ ತರಗತಿಯಲ್ಲಿ ಈ ಪದವನ್ನು ಬಿಡಿಸಿ ಹೇಳುತ್ತ ಬಂದವನು ನಾನು. ಆದರೆ ಗಿಡವು ಎಲೆಯಿಂದಲೂ ಕುಡಿಯುತ್ತದೆ, ಅಲ್ಲಿ ಅದು ಕುಡಿಯುವುದು ಬೆಳಕನ್ನು ಎಂಬುದು ನನಗೆ ಮನವರಿಕೆಯಾದದ್ದು ಈಚೆಗೆ. ಅದೂ ಒಂದು ತಪ್ಪು ಮಾಡಿದ ಮೇಲೆ.

ನಮ್ಮದು ಮಲೆನಾಡಿನ ಊರು. ಮಳೆಗಾಲ ಹಿಡಿಯಿತೆಂದರೆ ಬಿಸಿಲು ಕಾಣುವುದೇ ಅಪರೂಪ. ಅಂಗಳದ ಮೆಂತ್ಯ, ಕೊತ್ತಂಬರಿ ಸೊಪ್ಪುಗಳು ಕೊಳೆತುಹೋಗುತ್ತವೆ. ಶಾಲೆಯ ಖಾಲಿ ಕೋಣೆಯಲ್ಲಿ ಗುಡಾರ ನಿಲ್ಲಿಸಿ, ದೀಪದ ಬೆಳಕಿನಲ್ಲಿ ಸೊಪ್ಪು ಬೆಳೆಯೋಣವೆಂದು ಒಂಬತ್ತನೆಯ ತರಗತಿಯ ಮಕ್ಕಳು ಹೊರಟರು. ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಒಳಮೈ ಬೆಳ್ಳಿಯಂತೆ ಹೊಳೆಯುವ ಬಟ್ಟೆಯ ಗೂಡು. ಪೇಟೆಯಲ್ಲಿ ಇದನ್ನು ಗ್ರೋ ಟೆಂಟ್ ಎನ್ನುತ್ತಾರೆ. ದೀಪಕ್ಕೆ ಮಕ್ಕಳೇ ಹಣ ಕೂಡಿಸಿದರು. ಆರಿಸುವ ಹೊಣೆ ನನ್ನದಾಯಿತು. ಡಬ್ಬದ ಮೇಲೆ ‘೬೦೦ ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ, ನೇರಳೆ ಬಣ್ಣದ ಬೆಳಕು ಚೆಲ್ಲುವ ಒಂದು ಎಲ್.ಇ.ಡಿ. ದೀಪವನ್ನು ತಂದು ಗುಡಾರದ ನೆತ್ತಿಗೆ ತೂಗುಹಾಕಿಸಿದೆ. ಹದಿನೈದು ದಿನಗಳಲ್ಲಿ ಸಸಿಗಳು ದಾರದಂತೆ ಉದ್ದವಾಗಿ, ತಲೆಯೆತ್ತಲಾರದೆ ಒರಗಿಕೊಂಡವು. “ಇಷ್ಟು ಬೆಳಕಿದ್ದೂ ಯಾಕೆ ಸಾರ್ ಹೀಗಾಯಿತು?” ಎಂದು ಒಬ್ಬ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ವಿಜ್ಞಾನದ ಉಪಾಧ್ಯಾಯರ ಮುಂದೆ ಶಿಷ್ಯನಂತೆ ಕುಳಿತು ಕಲಿತದ್ದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಕಣ್ಣಿಗೆ ಪ್ರಕಾಶವಾಗಿ ಕಂಡದ್ದೆಲ್ಲ ಗಿಡಕ್ಕೆ ಆಹಾರವಾಗುವುದಿಲ್ಲ ಎಂಬುದು ಮೊದಲನೆಯ ಪಾಠ. ದೀಪಗಳ ಮೇಲೆ ಬರೆಯುವ ‘ಲ್ಯೂಮೆನ್’ ಎಂಬ ಅಳತೆ ಮನುಷ್ಯನ ಕಣ್ಣನ್ನು ನೆಚ್ಚಿದ್ದು. ಹಗಲಿನ ನೋಟದಲ್ಲಿ ನಮ್ಮ ಕಣ್ಣು ೫೫೫ ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆ. ಗಿಡದ ಲೆಕ್ಕವೇ ಬೇರೆ. ಸುಮಾರು ೪೦೦ರಿಂದ ೭೦೦ ನ್ಯಾನೊಮೀಟರ್‌ವರೆಗಿನ ಬೆಳಕಿನಿಂದ ಅದು ಆಹಾರವನ್ನು ತಯಾರಿಸಿಕೊಳ್ಳುತ್ತದೆ. ಅದಕ್ಕೆ ಮುಖ್ಯವಾದದ್ದು ಕಾಂತಿಯಲ್ಲ, ಎಲೆಯ ಮೇಲೆ ಬಿದ್ದ ಬೆಳಕಿನ ಕಣಗಳ, ಎಂದರೆ ಫೋಟಾನುಗಳ, ಸಂಖ್ಯೆ. ಕಾಳನ್ನು ಸೇರಿನಲ್ಲಿ ಅಳೆಯುವಂತೆ ಈ ಕಣಗಳನ್ನು ಮೈಕ್ರೊಮೋಲ್‌ನಲ್ಲಿ ಅಳೆಯುತ್ತಾರೆ. ಒಂದು ಮೈಕ್ರೊಮೋಲ್ ಎಂದರೆ ಸುಮಾರಾಗಿ ೬ರ ಮುಂದೆ ಹದಿನೇಳು ಸೊನ್ನೆ ಇಟ್ಟಷ್ಟು ಕಣಗಳು. ದೀಪವೊಂದು ಸೆಕೆಂಡಿಗೆ ಇಂಥ ಎಷ್ಟು ಮೈಕ್ರೊಮೋಲ್ ಸುರಿಸುತ್ತದೆಂಬುದೇ ಅದರ ‘ಪಿ.ಪಿ.ಎಫ್.’. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲನೆಯ ಅಂಕಿ ಇದು.

ಇನ್ನು ಬಣ್ಣದ ಮಾತು. ಎಲೆಯ ಹಸಿರು ದ್ರವ್ಯ ಕೆಂಪನ್ನೂ ನೀಲಿಯನ್ನೂ ಹೆಚ್ಚಾಗಿ ಹೀರುತ್ತದೆ. ಆದಕಾರಣ ಅವೆರಡನ್ನು ಬೆರೆಸಿದ ನೇರಳೆ ದೀಪವೇ ಶ್ರೇಷ್ಠವೆಂದು ಮಾರಾಟಗಾರರು ಹೇಳುವುದುಂಟು. ಇದು ಅರ್ಧ ಸತ್ಯ. ಮೆಕ್‌ಕ್ರೀ ಎಂಬ ವಿಜ್ಞಾನಿ ೨೨ ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ ೧೯೭೨ರಲ್ಲಿ ಪ್ರಕಟಿಸಿದ ಫಲಿತಾಂಶದಿಂದ, ಹಸಿರು ಬೆಳಕನ್ನೂ ಎಲೆ ಗಣನೀಯವಾಗಿ ಬಳಸಿಕೊಳ್ಳುತ್ತದೆಂದು ಸ್ಪಷ್ಟವಾಯಿತು. ಅದು ಎಲೆಯ ಒಳಪದರಗಳಿಗೂ ಇಳಿಯಬಲ್ಲದು. ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನ ಸಂದಿತು. ಆ ನೀಲಿಯ ಮೇಲೆ ಫಾಸ್ಫರ್ ಎಂಬ ಲೇಪ ಕೊಟ್ಟರೆ ಬಿಳಿಯ ಬೆಳಕು ಬರುತ್ತದೆ. ಇಂಥ ಬಿಳಿಯ ದೀಪಕ್ಕೆ ಕೆಲವು ಕೆಂಪು ದೀಪಗಳನ್ನು ಕೂಡಿಸಿದ್ದರೆ ಸೊಪ್ಪಿಗೆ ಬಹಳ ಚೆನ್ನು. ಮೇಲಾಗಿ, ಎಲೆ ಹಳದಿಗಟ್ಟಿದರೆ, ಹುಳು ಬಿದ್ದರೆ ಬಿಳಿಯ ಬೆಳಕಿನಲ್ಲಿ ಕಾಣುತ್ತದೆ. ನೇರಳೆಯಲ್ಲಿ ಎಲ್ಲ ಎಲೆಯೂ ಕಪ್ಪೇ.

ಈಗ ಲೆಕ್ಕ. ನಮ್ಮ ಗುಡಾರದ ನೆಲ ಸುಮಾರು ೦.೩೬ ಚದರ ಮೀಟರ್. ಸೊಪ್ಪಿನ ಗಿಡಗಳಿಗೆ ಚದರ ಮೀಟರಿಗೆ, ಸೆಕೆಂಡಿಗೆ, ೨೦೦ ಮೈಕ್ರೊಮೋಲ್ ದೊರೆತರೆ ಒಳ್ಳೆಯ ಬೆಳವಣಿಗೆ. ಗುಣಿಸಿದರೆ ೭೨. ಗುಡಾರದ ಗೋಡೆಗೆ, ಮೂಲೆಗೆ ಬಿದ್ದು ನಷ್ಟವಾಗುವುದನ್ನೂ ಸೇರಿಸಿ ೧೦೦ ಎಂದು ಹಿಡಿಯೋಣ. ಇಲ್ಲಿ ಎರಡನೆಯ ಅಂಕಿಯನ್ನು ಕೇಳಬೇಕು: ಒಂದು ವ್ಯಾಟಿಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್? ೨.೫ ಎಂದಾದರೆ ೪೦ ವ್ಯಾಟಿನ ದೀಪ ಸಾಕು. ೧.೫ ಎಂದಾದರೆ ಅದೇ ಕೆಲಸಕ್ಕೆ ೬೭ ವ್ಯಾಟ್ ಬೇಕು. ಟೊಮ್ಯಾಟೊ, ಮೆಣಸಿನಕಾಯಿಗಳಂಥ ಕಾಯಿ ಬಿಡುವ ಗಿಡಗಳಿಗೆ ಇದರ ಇಮ್ಮಡಿ ಬೆಳಕನ್ನಾದರೂ ಒದಗಿಸಬೇಕು.

ಹಾಗಾದರೆ ನನ್ನ ೬೦೦ ವ್ಯಾಟ್ ಎಲ್ಲಿ ಹೋಯಿತು? ವಿಜ್ಞಾನದ ಉಪಾಧ್ಯಾಯರು ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದರು. ಮುಳ್ಳು ನಿಜವನ್ನೇ ಹೇಳಿತು: ೪೫. ಒಳಗಿದ್ದುದು ೬೦ ಸಣ್ಣ ದೀಪಗಳು. ಒಂದೊಂದೂ ೧೦ ವ್ಯಾಟ್ ತಾಳಬಲ್ಲದೆಂದು ಗುಣಿಸಿ ಬರೆದ ಸಂಖ್ಯೆ ಅದು. ವಾಸ್ತವದಲ್ಲಿ ಅವು ಅಷ್ಟು ವಿದ್ಯುತ್ತನ್ನು ಎಳೆಯುವುದೇ ಇಲ್ಲ. ಆದುದರಿಂದ ಡಬ್ಬದ ಮುಂಭಾಗದ ದೊಡ್ಡ ಅಕ್ಷರವನ್ನು ಬಿಟ್ಟು, ದೀಪದ ಬೆನ್ನಿಗೆ ಅಂಟಿಸಿದ ಚೀಟಿಯ ಸಣ್ಣ ಅಕ್ಷರವನ್ನು ಓದಬೇಕು. ನಿಜವಾಗಿ ಎಳೆಯುವ ವ್ಯಾಟ್ ಅಲ್ಲಿರುತ್ತದೆ. ಅದೂ ಇಲ್ಲ, ಪಿ.ಪಿ.ಎಫ್. ಕೂಡ ಇಲ್ಲ ಎಂದರೆ ಆ ದೀಪವನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಲೇಸು.

ದೀಪ ಒಳ್ಳೆಯದಾದರೆ ಸಾಲದು, ತೂಗುಹಾಕುವ ಎತ್ತರವೂ ಸರಿಯಿರಬೇಕು. ದೂರ ಹೆಚ್ಚಿದಂತೆ ಎಲೆಗೆ ಸಿಗುವ ಕಣಗಳು ಕಡಮೆಯಾಗುತ್ತವೆ. ಸಾಮಾನ್ಯವಾಗಿ ಗಿಡದ ತಲೆಯಿಂದ ಒಂದಡಿ, ಒಂದೂವರೆ ಅಡಿ ಅಂತರ ತಕ್ಕುದು. ಗಿಡ ಎದ್ದಂತೆ ಹಗ್ಗ ಎಳೆದು ದೀಪವನ್ನೂ ಏರಿಸಬೇಕು. ಕಾಂಡ ಸೊರಗಿ ಉದ್ದವಾದರೆ ಬೆಳಕು ಸಾಲದೆಂದು ತಿಳಿಯಬೇಕು. ದೀಪಕ್ಕೆ ಹತ್ತಿರದ ಎಲೆ ಬಿಳಿಚಿ ಮುರುಟಿದರೆ ಹೆಚ್ಚಾಯಿತೆಂದು. ಮೆಂತ್ಯಕ್ಕೆ ನಾವು ದಿನಕ್ಕೆ ೧೬ ಗಂಟೆ ಬೆಳಕು, ೮ ಗಂಟೆ ಕತ್ತಲೆ ಎಂದು ಟೈಮರ್ ಇಟ್ಟೆವು. ಹಗಲು ಬಹಳ ನೀಡಿದಾದರೆ ಕೊತ್ತಂಬರಿ ಬೇಗ ಹೂವಿಗೆ ತಿರುಗುವುದರಿಂದ ಅದಕ್ಕೆ ೧೨ ಗಂಟೆ ಸಾಕು. ೪೦ ವ್ಯಾಟಿನ ದೀಪ ೧೬ ಗಂಟೆ ಉರಿದರೆ ಖರ್ಚು ದಿನಕ್ಕೆ ೦.೬೪ ಯೂನಿಟ್, ತಿಂಗಳಿಗೆ ೧೯ ಯೂನಿಟ್ಟಿಗೆ ತುಸು ಮೇಲೆ.

ಎಲ್.ಇ.ಡಿ. ತಣ್ಣಗಿರುತ್ತದೆಂದು ನಂಬಿ ಗುಡಾರವನ್ನು ಮುಚ್ಚಿಟ್ಟುಬಿಡಬಾರದು. ದೀಪ ನುಂಗಿದ ವಿದ್ಯುತ್ತೆಲ್ಲ ಬಹುಮಟ್ಟಿಗೆ ಒಳಗೇ ಶಾಖವಾಗುತ್ತದೆ. ಮಳೆಗಾಲದಲ್ಲಿ ತೇವವೂ ಸೇರಿ ಬೂಷ್ಟು ಹಿಡಿಯುತ್ತದೆ. ಗಾಳಿಯನ್ನು ಹೊರಗೆಳೆಯುವ ಸಣ್ಣ ಫ್ಯಾನ್ ಅವಶ್ಯಕ. ನೀರೂ ವಿದ್ಯುತ್ತೂ ಒಂದೇ ಗೂಡಿನಲ್ಲಿರುವುದರಿಂದ ಅರ್ಥಿಂಗ್ ಇರುವ ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಬೇಕು. ತಂತಿಯ ಜೋಡಣೆಗಳು ನೆಲದಿಂದ ಮೇಲಿರಬೇಕು.

ಎರಡನೆಯ ದೀಪದ ಹಣವನ್ನು ನಾನೇ ಕೊಟ್ಟೆ, ತಪ್ಪು ನನ್ನದಾಗಿತ್ತು. ಈ ಸಲ ಲೆಕ್ಕ ಹಾಕಿ ಆರಿಸಿದವರು ಮಾತ್ರ ಮಕ್ಕಳು. ಹೊರಗೆ ಜಡಿಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಪ್ರತಿಯೊಬ್ಬರೂ ಒಂದೊಂದು ಹಿಡಿ ಮೆಂತ್ಯದ ಸೊಪ್ಪನ್ನು ಮನೆಗೆ ಒಯ್ದರು. ಹಳೆಯ ದೀಪವನ್ನು ನಾವು ಎಸೆದಿಲ್ಲ. ತಗ್ಗಿಸಿ ಕಟ್ಟಿ, ಬೀಜ ಮೊಳೆಯಿಸುವ ತಟ್ಟೆಗೆ ಅದನ್ನು ಬಳಸುತ್ತೇವೆ. ಅದರ ಡಬ್ಬದ ಮೇಲಿನ ೬೦೦ನ್ನು ಪ್ರಶ್ನೆ ಕೇಳಿದ ಹುಡುಗಿ ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ ೪೫ ಎಂದು ತಿದ್ದಿದ್ದಾಳೆ.