ಮಾಯವಾದ ಗುಂಡಿ

ಯಂತ್ರವು ಮನುಷ್ಯನ ಕೈಗೆ ಒಗ್ಗಬೇಕೋ, ಮನುಷ್ಯನು ಯಂತ್ರಕ್ಕೆ ಒಗ್ಗಬೇಕೋ? ೨೦೧೨ರ ಅಕ್ಟೋಬರ್ ೨೬ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಕಂಪ್ಯೂಟರನ್ನು ನಡೆಸುವ ‘ವಿಂಡೋಸ್ ೮’ ಎಂಬ ಹೊಸ ವ್ಯವಸ್ಥೆಯನ್ನು ಹೊರತಂದಾಗ ಅನೇಕ ಗುಮಾಸ್ತರಿಗೆ ಈ ಸಂದೇಹವುಂಟಾಯಿತು.

೧೯೯೫ರಿಂದ ಪರದೆಯ ಕೆಳಗಿನ ಎಡಮೂಲೆಯಲ್ಲಿದ್ದ ‘ಸ್ಟಾರ್ಟ್’ ಗುಂಡಿಯು ಅದರಲ್ಲಿ ಮಾಯವಾಗಿತ್ತು; ಪರದೆಯ ತುಂಬ ಬಣ್ಣಬಣ್ಣದ ಚೌಕಗಳು ಹರಡಿಕೊಂಡಿದ್ದುವು. ೨೦೧೦ರಲ್ಲಿ ಬಂದ ಐಪ್ಯಾಡಿನ ಭರಾಟೆಯನ್ನು ಕಂಡ ಸಂಸ್ಥೆಗೆ ಬೆರಳಿನ ಮೇಲೆಯೇ ಕಣ್ಣು. ಬೆರಳಿನಿಂದ ಮುಟ್ಟುವವರು ಅದನ್ನು ಹೊಗಳಿದುದೂ ಉಂಟು. ಆದರೆ ಕಚೇರಿಯ ಪರದೆಗಳಲ್ಲಿ ಬಹುಪಾಲು ಮುಟ್ಟಿದರೆ ಮಿಸುಕುವಂಥವಲ್ಲ. ಮೌಸ್ ಹಿಡಿದವನು ಯಂತ್ರವನ್ನು ನಿಲ್ಲಿಸುವುದಕ್ಕೂ ಬಲ ಅಂಚಿನಲ್ಲಿ ಅಡಗಿದ್ದ ಪಟ್ಟಿಯನ್ನು ಹುಡುಕಬೇಕಾಯಿತು.

ಹೋಟೆಲಿನ ಯಜಮಾನನು ಲೋಟ-ತಟ್ಟೆಗಳ ಕಪಾಟನ್ನು ರಾತ್ರೋರಾತ್ರಿ ಅಟ್ಟಕ್ಕೆ ಸಾಗಿಸಿ, ‘ಇನ್ನು ಇದೇ ಅನುಕೂಲ’ ಎಂದರೆ ಮಾಣಿಗಳು ಏನೆಂದಾರು? ವರ್ಷಗಟ್ಟಲೆ ಪಳಗಿದ ಕೈಯೇ ದುಡಿಯುವವನ ಬಂಡವಾಳವಷ್ಟೆ.

ಗುಂಡಿಯನ್ನು ಮರಳಿ ತಂದುಕೊಡುವ ಅನ್ಯರ ತಂತ್ರಾಂಶಗಳಿಗೆ ಗಿರಾಕಿಗಳು ದೊರೆತರು. ೨೦೧೩ರ ಅಕ್ಟೋಬರಿನಲ್ಲಿ ‘೮.೧’ರೊಡನೆ ಗುಂಡಿಯೇನೋ ಬಂದಿತು. ಒತ್ತಿದರೆ ಮತ್ತೆ ಅವೇ ಚೌಕಗಳು! ಹಳೆಯ ಬಗೆಯ ಪಟ್ಟಿಯು, ಚೌಕಗಳನ್ನು ಮಗ್ಗುಲಲ್ಲಿಟ್ಟುಕೊಂಡು, ಹಿಂದಿರುಗಿದುದು ೨೦೧೫ರ ಜುಲೈಯಲ್ಲಿ, ‘ವಿಂಡೋಸ್ ೧೦’ರೊಡನೆ. ನಡುವಣ ಒಂಬತ್ತನ್ನು ಸಂಸ್ಥೆಯು ಹಾರಿಯೇ ಬಿಟ್ಟಿತ್ತು.