ಗಾಯ ಮಾಯ್ದರೆ ಸಾಲದು, ಹಾರಬೇಕು

ಬೆಂಗಳೂರು ದಂಡು ಪ್ರದೇಶದ ಹಳೆಯ ಬಡಾವಣೆಯಾದ ರಿಚರ್ಡ್ಸ್ ಟೌನಿನಲ್ಲಿ ಜನಗಣತಿಗೆ ಸಿಗದ ನಿವಾಸಿಗಳೂ ಇದ್ದಾರೆ. ಎತ್ತರದ ಮಳೆಮರಗಳಲ್ಲಿ ಗೂಡು ಕಟ್ಟುವ ಹದ್ದುಗಳು, ಪೊಟರೆಗಳಲ್ಲಿ ಮರಿ ಮಾಡುವ ಗಿಳಿಗಳು, ಹೆಂಚಿನ ಮನೆಗಳ ಅಟ್ಟದಲ್ಲಿ ಹಗಲು ಕಳೆದು ಇರುಳು ಹಣ್ಣು ಅರಸಿ ಹೊರಡುವ ಪುನುಗು ಬೆಕ್ಕು ಅಂಥವು. ಇಂಥ ಜೀವಿಗಳು ಗಾಯಗೊಂಡಾಗ ಚಿಕಿತ್ಸೆ ನೀಡುವ ಸ್ವಯಂಸೇವಾ ಸಂಸ್ಥೆಗಳಲ್ಲಿ ಪ್ರಮುಖವಾದುದು ನಗರದ ಇನ್ನೊಂದು ತುದಿಯಲ್ಲಿ, ಕೆಂಗೇರಿಯ ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ 1996ರಿಂದ ನಡೆದುಬಂದಿರುವ ‘ಪೀಪಲ್ ಫಾರ್ ಅನಿಮಲ್ಸ್’ ವನ್ಯಜೀವಿ ಆಸ್ಪತ್ರೆ.

ಸಾಕುಪ್ರಾಣಿಗಳ ಆಸ್ಪತ್ರೆಗಿಂತ ಇದರ ಧರ್ಮವೇ ಬೇರೆ. ನಾಯಿಯೊಂದು ಕುಂಟುತ್ತಲೇ ಮನೆಗೆ ಮರಳಿದರೂ ಅದಕ್ಕೆ ಅನ್ನವಿಡುವವರಿರುತ್ತಾರೆ. ಕಾಡುಜೀವಿಗೆ ಅಂಥ ಆಸರೆಯಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧ. ಆದ್ದರಿಂದ ಚಿಕಿತ್ಸೆ ಮುಗಿಯುವುದು ಗಾಯ ಮಾಯ್ದಾಗಲ್ಲ, ಜೀವಿಯು ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುವಷ್ಟು ಬಲಗೊಂಡು ಹೊರಟಾಗ. ಇದಕ್ಕೆ ಪುನರ್ವಸತಿ ಎಂದು ಹೆಸರು. ಮರಿಗಳು ಆರೈಕೆ ಮಾಡಿದವರನ್ನೇ ತಾಯಿಯೆಂದು ನೆಚ್ಚಿಕೊಂಡರೆ ಮುಂದೆ ಮನುಷ್ಯರ ಭಯವಿಲ್ಲದೆ ಅಪಾಯಕ್ಕೆ ಸಿಲುಕುವುದರಿಂದ, ಮುದ್ದು ಮಾಡದಿರುವುದೂ ಇಲ್ಲಿ ಆರೈಕೆಯ ಒಂದು ಅಂಗ.

ಹದ್ದಿನ ವಿಷಯದಲ್ಲಿ ಈ ಕೆಲಸದ ಕಷ್ಟ ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ತಲೆಯ ಗರುಡಕ್ಕಿಂತ ಭಿನ್ನವಾಗಿ ಮೈಯೆಲ್ಲ ಕಂದು, ಬಾಲದ ತುದಿ ಕವಲೊಡೆದಂತಿರುವ ಈ ಹಕ್ಕಿ ಶಿವಾಜಿನಗರದ ಮಾಂಸದಂಗಡಿಗಳ ಸುತ್ತ ಉಳಿಕೆ ಚೂರುಗಳನ್ನು ಎತ್ತಿಕೊಂಡು ಬೀದಿಯನ್ನು ಶುಚಿಗೊಳಿಸುತ್ತದೆ. ಆಷಾಢದ ಗಾಳಿಯಲ್ಲಿ ಗಾಳಿಪಟಗಳು ಏರಿದಾಗ, ಅಂಟಿನೊಂದಿಗೆ ಗಾಜಿನ ಪುಡಿ ಸವರಿದ ಮಾಂಜಾ ದಾರ ಕೊಂಬೆಗಳಲ್ಲಿ ಉಳಿದು, ಹೆಗಲಿನಿಂದ ಮಣಿಕಟ್ಟಿನವರೆಗೆ ಚಾಚಿರುವ ರೆಕ್ಕೆಯ ತೆಳುಪೊರೆಯನ್ನು ಕುಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ನೈಲಾನ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿದ ಮೇಲೂ ಅದು ಮರಗಳಿಂದ ಮಾಯವಾಗಿಲ್ಲವೆಂಬುದು ನೋವಿನ ಸಂಗತಿ. ಪೊರೆಯನ್ನು ಹೊಲಿದರೂ, ತುಂಡಾದ ಹಾರುಗರಿ ಮತ್ತೆ ಬೆಳೆಯುವುದು ಹಳೆಯದು ಉದುರಿದ ಬಳಿಕವೇ; ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಆಮೇಲೆ ಸೊರಗಿದ ಸ್ನಾಯುಗಳಿಗೆ ವಿಶಾಲವಾದ ಪಂಜರದಲ್ಲಿ ಹಾರಾಟದ ಅಭ್ಯಾಸವಾಗಬೇಕು.

ಚೇತರಿಕೆಯ ಅರ್ಧಭಾಗ ಮೊದಲು ಕಂಡವರ ಕೈಯಲ್ಲಿದೆ. ಪ್ರಜ್ಞೆ ತಪ್ಪಿದ ಹಕ್ಕಿಯ ಕೊಕ್ಕಿಗೆ ಹನಿಸಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಹಸುವಿನ ಹಾಲು ಅಳಿಲುಮರಿಗೆ ಒಗ್ಗುವುದಿಲ್ಲ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆ ಇರಿಸಿ ಬೇಗ ತಿಳಿಸುವುದೇ ಸರಿಯಾದ ಉಪಚಾರ. ಎಲ್ಲ ಮರಿಗಳನ್ನೂ ಎತ್ತಿಕೊಳ್ಳಬೇಕಾಗಿಯೂ ಇಲ್ಲ. ಗರಿ ಮೂಡಿ, ಗಾಯವಿಲ್ಲದೆ ನೆಲದಲ್ಲಿ ಕುಪ್ಪಳಿಸುವ ಮರಿ ಸಾಮಾನ್ಯವಾಗಿ ಹಾರಲು ಕಲಿಯುತ್ತಿರುವ ಮರಿಯೇ ಆಗಿರುತ್ತದೆ. ಅದರ ತಾಯಿ ಹತ್ತಿರದ ಕೊಂಬೆಯಲ್ಲಿದ್ದು, ಸುತ್ತ ನೆರೆದವರು ದೂರ ಸರಿದ ಮೇಲೆ ಗುಟುಕು ತರುತ್ತದೆ.