ಎಂಡೊಮೆಟ್ರಿಯೋಸಿಸ್: ಹಾರ್ಮೋನ್ ಮಾತ್ರೆಯ ಸುರಕ್ಷಿತ ಸೇವನೆ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಮುಟ್ಟಿನ ತೀವ್ರ ನೋವು ಇದರ ಮುಖ್ಯ ಲಕ್ಷಣ. ಇಳಕಲ್‌ನ ಮಗ್ಗದಲ್ಲಾಗಲಿ, ಬಾದಾಮಿ, ಹುನಗುಂದದ ಹೊಲಗಳಲ್ಲಾಗಲಿ ದುಡಿಯುವ ಮಹಿಳೆಗೆ ಇದರಿಂದ ಕೂಲಿಯೂ ತಪ್ಪುತ್ತದೆ.

ವೈದ್ಯರು ಡೈನೊಜೆಸ್ಟ್ 2 ಮಿ.ಗ್ರಾಂ. ಮಾತ್ರೆ ಬರೆದಿದ್ದಲ್ಲಿ, ದಿನಕ್ಕೊಂದರಂತೆ ನಿಗದಿತ ಸಮಯಕ್ಕೆ ಬಿಡದೆ ಸೇವಿಸಬೇಕು. ಮೊದಲ ತಿಂಗಳುಗಳಲ್ಲಿ ಅನಿಯಮಿತ ರಕ್ತಸ್ರಾವ ಸಾಮಾನ್ಯ. ಅದಕ್ಕೆ ಹೆದರಿ ತಾವಾಗಿಯೇ ನಿಲ್ಲಿಸಬಾರದು. ಸ್ರಾವ ಅತಿಯಾದರೆ ಅಥವಾ ಮನಸ್ಸು ಕುಗ್ಗಿದರೆ ವೈದ್ಯರನ್ನು ಕಾಣಬೇಕು. ಒಂದು ಕಾಲು ಊದಿ ನೋಯುವುದು, ಉಸಿರಾಟದ ತೊಂದರೆ, ಕಾಮಾಲೆ ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕ್ಷಯರೋಗದ ರಿಫಾಂಪಿಸಿನ್ ಈ ಮಾತ್ರೆಯ ಪರಿಣಾಮವನ್ನು ತಗ್ಗಿಸುವುದರಿಂದ, ಇತರ ಔಷಧಗಳನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇದನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ. ಕಾಂಡೋಮ್ ಬಳಕೆ ಅಗತ್ಯ.

ಸದಸ್ಯರು ಆಶಾ ಕಾರ್ಯಕರ್ತೆಯರ ಮೂಲಕ ಈ ಮಾಹಿತಿಯನ್ನು ಮನೆಮನೆಗೆ ತಲುಪಿಸುವುದು. ರೋಗಿಯ ಹೆಸರನ್ನು ಗೋಪ್ಯವಾಗಿಡುವುದು. ಸಲಹೆಗೆ ಆರೋಗ್ಯ ಸಹಾಯವಾಣಿ: 104.